ಮುಂದ ಬೇಕಾಕೈತಿ

ಅವ್ವ ತೀರಿಕೊಂಡು ಏಳೆಂಟು ವರ್ಷವಾಯಿತು. ಆದರೂ ನಾನು ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ನನಗಿಂತ ಮೊದಲೇ ಅವಳು ಒಳಗೆ ಹೋಗಿ ನಿಂತಿರುತ್ತಾಳೆ. ಚಪ್ಪಲಿ ನೋಡಿದರೆ "ಇರ್ಲಿ ಬಿಡು" ಅನ್ನುತ್ತಾಳೆ. ಒಂದು ಸೇಬು ಕೈಗೆತ್ತಿಕೊಂಡರೆ "ಮುಂದ ಬೇಕಾಕೈತಿ" ಅನ್ನುತ್ತಾಳೆ. ಮುಂದೆ ಬೇಕಾಗುವುದು ಸೇಬಲ್ಲ, ದುಡ್ಡು. ಸಿರಸಿಯ ಸಂತೆಯಲ್ಲಿ ತರಕಾರಿಯವರು ಗಂಟಲು ಹರಿದುಕೊಂಡು ಕೂಗುವುದು ನನ್ನ ಕಿವಿಗೆ ಬೀಳದಿದ್ದ ದಿನಗಳಲ್ಲೂ ಅವ್ವನ ಈ ಎರಡು ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದವು. ಎಷ್ಟೋ ಸಲ ತಿರುಗಿ ನೋಡಿದ್ದೇನೆ. ನೋಡಿ, ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೂ ಸೇಬನ್ನು ಬುಟ್ಟಿಯಲ್ಲಿ ವಾಪಸ್ ಇಟ್ಟು ಬಂದಿದ್ದೇನೆ.

ನಾನು ಟೇಲರ್. ಸಿರಸಿಯ ಒಂದು ಓಣಿಯಲ್ಲಿ ರವಿಕೆ ಹೊಲಿಯುವ ಚಿಕ್ಕ ಅಂಗಡಿ ಇದೆ, ಮನೆ ಇಸಳೂರಿನಲ್ಲಿ. ಗಂಡ ಬಾಡಿಗೆ ಟೆಂಪೋ ಓಡಿಸುತ್ತಾರೆ. ನನ್ನ ತವರು ಬನವಾಸಿ ಕಡೆ. ಅಪ್ಪ ಅಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ಅವರಿಗೆ ಎದೆ ಹಿಡಿದುಕೊಂಡಿತು. ಸಿರಸಿಯ ದವಾಖಾನೆಗೆ ಒಯ್ಯಲು ಜೀಪು ಬೇಕಿತ್ತು. ಜೀಪಿನವನು ಬಾಡಿಗೆ ಮೊದಲೇ ಕೊಡಿ ಅಂದ. ದುಡ್ಡೆಲ್ಲ ಅಂಗಡಿಯ ಮಾಲಿನಲ್ಲಿತ್ತು, ಮನೆಯ ಡಬ್ಬಿಯಲ್ಲಿ ಏನೂ ಇರಲಿಲ್ಲ. ಅವ್ವ ಸೆರಗು ಬಿಗಿದುಕೊಂಡು ನಾಲ್ಕು ಮನೆ ತಿರುಗಿ ಬಾಡಿಗೆ ತಂದಳು. ಜೀಪು ಬಂದಾಗ ಅಪ್ಪ ಇರಲಿಲ್ಲ. ಆ ದುಡ್ಡನ್ನು ಅವಳು ಆ ಹೊತ್ತೇ ನಾಲ್ಕೂ ಮನೆಗೆ ಹೋಗಿ ವಾಪಸ್ ಕೊಟ್ಟು ಬಂದಳು ಎಂದು ಆಮೇಲೆ ಯಾರೋ ಹೇಳಿದರು. ಅಂದಿನಿಂದ ಅವಳ ಪಾಲಿಗೆ ದುಡ್ಡು ಅಂದರೆ ಜೀಪಿನ ಬಾಡಿಗೆ. ಅದು ಖರ್ಚು ಮಾಡುವ ವಸ್ತುವೇ ಅಲ್ಲ.

ನನ್ನ ಮದುವೆಯಾಗಿ, ಇಸಳೂರಿನಲ್ಲಿ ಮನೆ ಕಟ್ಟಿದ ಮೇಲೆ ಅವಳನ್ನು ಕರೆತಂದೆ. ಹಟಮಾರಿ ಹೆಂಗಸು, ಬರುವುದಕ್ಕೇ ಎರಡು ವರ್ಷ ತೆಗೆದುಕೊಂಡಳು. ಬಂದವಳು ಸುಮ್ಮನೆ ಕೂರಲಿಲ್ಲ. ನನ್ನ ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಗಳನ್ನೆಲ್ಲ ಚೀಲದಲ್ಲಿ ತರಿಸಿಕೊಂಡು ಕೌದಿ ಹೊಲಿಯತೊಡಗಿದಳು. ಮದುಮಗಳ ರವಿಕೆಯ ಜರಿಯ ತುಂಡು, ಶಾಲೆಯ ಯೂನಿಫಾರ್ಮಿನ ತುಂಡು ಎಲ್ಲ ಅವಳ ಕೌದಿಯಲ್ಲಿ ಅಕ್ಕಪಕ್ಕ ಕೂರುತ್ತಿದ್ದವು. ಹೊಲಿದು ಮಾರುತ್ತಿದ್ದಳು. ಬಂದ ದುಡ್ಡು ಎಲ್ಲಿ ಹೋಗುತ್ತದೆ ಎಂದು ನಾವು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಂದು ಚಿಟಿಕೆ ಅಕ್ಕಿ ಹಾಕುವುದು ಅವಳ ಪದ್ಧತಿ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ.

"ಕೌದಿಗೂ ಹೊಟ್ಟಿ ಇರ್ತೈತಿ. ಹಸದ ಕೌದಿ ಹೊದ್ಕೊಂಡ್ರ ನಿದ್ದಿ ಹತ್ತೂದಿಲ್ಲ," ಅನ್ನುತ್ತಿದ್ದಳು.

ಅಷ್ಟರಲ್ಲಿ ಅವಳ ಕಿವಿ ಮಂದವಾಗತೊಡಗಿತ್ತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲ ಬೆಲ್ಲು, ಕೊನೆಗೆ ನಾವು. ನಾನು ಒಮ್ಮೆ, "ಹುಬ್ಬಳ್ಳಿಗೆ ಹೋಗಿ ಕಿವಿಗೆ ಮಷಿನ್ ಹಾಕಿಸಿಕೊಂಡು ಬರೋಣ" ಎಂದು ಅವಳ ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದ್ದೆ. "ಇನ್ನೆಷ್ಟ ದಿನ ಕೇಳೂದೈತಿ ನಾನು? ಇರ್ಲಿ ಬಿಡು" ಅಂದಳು. ನಾನೂ ಬಿಟ್ಟೆ. ಬಿಟ್ಟೆ ಎಂಬ ಈ ಪದವನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಎರಡನೇ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಬೇಡ ಅಂದದ್ದು ನನಗೆ ಒಳಗೊಳಗೇ ಹಗುರವೆನಿಸಿತ್ತು. ಮಷಿನ್ನಿನ ದುಡ್ಡು ಉಳಿಯಿತಲ್ಲ ಎಂದು.

ನಮ್ಮ ಮನೆಗಳಲ್ಲಿ ದುಡ್ಡಿನ ಮಾತನ್ನು ದನಿ ಎತ್ತಿ ಆಡುವುದಿಲ್ಲ. ಗಂಡ ಹೆಂಡತಿ ಆಡಿದರೂ ಬಾಗಿಲು ಓರೆ ಮಾಡಿ ಆಡಬೇಕು. ಯಾರಾದರೂ ಬಂದರೆ ಮಾತು ತಟ್ಟನೆ ಅಡಿಕೆಗೋ ಹವಾಮಾನಕ್ಕೋ ತಿರುಗುತ್ತದೆ. ಇನ್ನೊಬ್ಬರ ಹತ್ತಿರ ಎಷ್ಟಿದೆ ಎಂದು ಕೇಳುವುದಂತೂ ಸೆರಗಿಗೆ ಕೈ ಹಾಕಿದ ಹಾಗೆ. ಇಸಳೂರಿನ ಹೊಸ ಮನೆಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ನಮ್ಮ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ. ಇನ್ನು ಕಿವಿ ಕೇಳದ ಮುದುಕಿಯ ಜೊತೆ ದುಡ್ಡಿನ ಮಾತು ಆಡುವುದು ಹೇಗೆ? ಪಿಸುಗುಟ್ಟಿದರೆ ಅವಳಿಗೆ ಕೇಳುವುದಿಲ್ಲ, ಕೂಗಿದರೆ ಓಣಿಗೆಲ್ಲ ಕೇಳುತ್ತದೆ. ಹಾಗಾಗಿ ನಾವು ಅವಳ ಜೊತೆ ಆ ಮಾತನ್ನು ಆಡುವುದನ್ನೇ ನಿಲ್ಲಿಸಿದೆವು. ಊಟದ ಮಾತು, ಔಷಧಿಯ ಮಾತು, ನನ್ನ ಮಗಳ ಓದಿನ ಮಾತು ಎಲ್ಲ ಕೂಗಿ ಆಡುತ್ತಿದ್ದೆವು. ಅದೊಂದನ್ನು ಬಿಟ್ಟು.

ಆಮೇಲೆ ಒಂದು ದಿನ ಐನೂರು, ಸಾವಿರದ ನೋಟುಗಳು ನಡೆಯುವುದಿಲ್ಲ ಎಂದಾಯಿತು. ಎಲ್ಲರೂ ಸಾಸಿವೆ ಡಬ್ಬಿ, ಟ್ರಂಕು, ದೇವರ ಮಾಡ ತಡಕಾಡಿ ನೋಟು ಹೊರತೆಗೆದರು. ನಾನೂ ಬ್ಯಾಂಕಿನ ಮುಂದೆ ನಿಂತೆ. ಟಿವಿಯಲ್ಲಿ ದಿನವಿಡೀ ಜನರ ಸಾಲು ತೋರಿಸುತ್ತಿದ್ದರು. ಅವ್ವ ಸೂಜಿ ಕೈಯಲ್ಲಿ ಹಿಡಿದು ಅದನ್ನು ನೋಡಿ, "ಯಾವ ದೇವರ ಪಾಳಿನ ಅದು? ಭಾಳ ಮಂದಿ ಬಂದಾರ" ಅಂದಳು.

ನನಗೆ ನಗು ಬಂತು. ಬ್ಯಾಂಕಿಗೆ ಹೊರಟಿದ್ದೆ, ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಹೊಸ್ತಿಲಿನಿಂದಲೇ, "ನೋಟು ಬದ್ಲಿ ಮಾಡಾಕ ನಿಂತಾರವ್ವಾ. ನಿನ್ನ ಹತ್ರ ಏನರ ಅದಾವೇನ?" ಎಂದು ಕೇಳಿದೆ. ಕೂಗಿಯೂ ಕೂಗದ ಒಂದು ದನಿ ಇರುತ್ತದಲ್ಲ, ಆ ದನಿಯಲ್ಲಿ. ಪಕ್ಕದ ಮನೆಯವರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಹೂಂ" ಅಂದಳು ಅವ್ವ, ನನ್ನ ಮುಖ ನೋಡಿ ನಕ್ಕು. ಮತ್ತೆ ಸೂಜಿಗೆ ತಿರುಗಿದಳು.

ಇಲ್ಲ ಅನ್ನುವ ಹೂಂ ಇರಬೇಕು ಎಂದುಕೊಂಡು ಹೊರಟೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಪಕ್ಕ ಕೂತು, ಕಿವಿಯ ಹತ್ತಿರ ಇನ್ನೊಮ್ಮೆ ಹೇಳುವುದಕ್ಕೆ ಎರಡು ನಿಮಿಷ ಬೇಕಿತ್ತು, ಅಷ್ಟೇ.

ಮಾರನೇ ವರ್ಷ ಅವ್ವ ಹೋದಳು. ಹೆಚ್ಚು ನರಳಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಅವಳು ಹೊದೆಯುತ್ತಿದ್ದ ಕೌದಿಯನ್ನು ಒಗೆದು ಕಂಪೌಂಡಿನ ಮೇಲೆ ಹಾಕಿದೆ. ಎರಡು ದಿನ ಬಿಸಿಲು ಕಂಡರೂ ಒಂದು ಮೂಲೆ ಗಟ್ಟಿಯಾಗಿಯೇ ಉಳಿಯಿತು. ಮುಟ್ಟಿದರೆ ಸರಬರ ಸಪ್ಪಳ. ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಅಕ್ಕಿ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ದಾರದಿಂದ ಕಟ್ಟಿದ ನೋಟುಗಳಿದ್ದವು. ಎಲ್ಲ ಹಳೆಯ ಐನೂರರ ನೋಟುಗಳು, ಒಂದಷ್ಟು ಸಾವಿರದವು. ಒಂದೂ ನಡೆಯುವಂಥದ್ದಲ್ಲ. ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಹುಬ್ಬಳ್ಳಿಯ ಕಿವಿ ಮಷಿನ್ನಿನ ಅಂಗಡಿಯ ಚೀಟಿ. ಬಲಗಿವಿ ಎಷ್ಟು ಕೇಳುತ್ತದೆ, ಎಡಗಿವಿ ಎಷ್ಟು ಎಂದು ಎರಡು ಗೆರೆ ಎಳೆದಿತ್ತು. ಕೆಳಗೆ ಪೆನ್ನಿನಲ್ಲಿ ಮಷಿನ್ನಿನ ದರ ಬರೆದಿತ್ತು. ಗಂಟಿನಲ್ಲಿದ್ದ ದುಡ್ಡು ಆ ದರಕ್ಕಿಂತ ಹೆಚ್ಚೇ ಇತ್ತು.

ಅವಳಿಗೆ ಕೇಳಬೇಕೆಂದಿತ್ತು. ಇನ್ನೆಷ್ಟು ದಿನ ಎಂದು ನನ್ನ ಮುಂದೆ ಅಂದವಳಿಗೆ ಒಳಗೊಳಗೇ ಅಷ್ಟು ಆಸೆಯಿತ್ತು. ಕೂಡಿಸಿದ್ದಳು, ಸಾಕಾಗುವಷ್ಟು ಕೂಡಿಸಿ ಆಗಿತ್ತು, ಆದರೂ ಬಿಚ್ಚಲು ಕೈ ಬಂದಿರಲಿಲ್ಲ. ಆಮೇಲೆ ಆ ದುಡ್ಡು ಸತ್ತು ಹೋಯಿತು, ಅದು ಸತ್ತದ್ದೂ ಅವಳಿಗೆ ಕೇಳಲಿಲ್ಲ. ಕೊನೆಯವರೆಗೂ ಅದನ್ನೇ ಹೊದ್ದು ಮಲಗಿದಳು. ನಾನು ಅಂಗಳದಲ್ಲಿ ಕೂತು ಗೊಳೋ ಎಂದು ಅತ್ತೆ. ಪಕ್ಕದ ಮನೆಯವರು ಅವ್ವನ ನೆನಪಾಯಿತೆಂದು ತಿಳಿದು ಸಮಾಧಾನ ಮಾಡಿದರು. ಅವರಿಗೂ ನಾನು ದುಡ್ಡಿನ ಮಾತು ಹೇಳಲಿಲ್ಲ.

ಗಂಡ ಆ ನೋಟುಗಳನ್ನು ಬಚ್ಚಲೊಲೆಗೆ ಹಾಕು ಅಂದರು. ನನ್ನಿಂದಾಗಲಿಲ್ಲ. ಇದ್ದ ಹಾಗೇ ಕೌದಿಯೊಳಗಿಟ್ಟು ಮತ್ತೆ ಹೊಲಿದೆ. ಚೀಟಿಯನ್ನು ಮಾತ್ರ ನನ್ನ ಪರ್ಸಿನಲ್ಲಿಟ್ಟುಕೊಂಡೆ. ಅವಳು ಯಾರ ಜೊತೆ ಹುಬ್ಬಳ್ಳಿಗೆ ಹೋಗಿದ್ದಳು, ಯಾವಾಗ ಹೋಗಿದ್ದಳು, ಒಂದೂ ತಿಳಿಯಲಿಲ್ಲ. ಅಂಗಡಿಗಳಲ್ಲಿ ಅವಳ ದನಿ ಕೇಳತೊಡಗಿದ್ದು ಆ ನಂತರವೇ.

ಇಂಥದ್ದನ್ನು ಕಣ್ಣಾರೆ ಕಂಡ ಹೆಂಗಸು ಪಾಠ ಕಲಿಯಬೇಕಿತ್ತು. ಕಲಿತದ್ದು ಇಷ್ಟೇ: ದುಡ್ಡನ್ನು ಕೌದಿಯಲ್ಲಿಡಬಾರದು, ಬ್ಯಾಂಕಿನಲ್ಲಿಡಬೇಕು. ಇಟ್ಟೆ. ಎಫ್‌ಡಿ ಮಾಡಿದೆ. ಅವಧಿ ಮುಗಿದ ಕೂಡಲೇ ಹೋಗಿ ಮುಂದುವರಿಸಿ ಬರುತ್ತಿದ್ದೆ. ಯಾತಕ್ಕೆ ಎಂದು ಮ್ಯಾನೇಜರು ಒಮ್ಮೆ ಸುಮ್ಮನೆ ವಿಚಾರಿಸಿದಾಗ ಕಷ್ಟಕಾಲಕ್ಕೆ ಅಂದೆ. ಹಲ್ಲು ನೋಯುತ್ತಿದ್ದರೆ ಲವಂಗ ಕಚ್ಚಿಕೊಂಡೆ. ಕಾಲಿನ ಹೊಲಿಗೆ ಮಷಿನ್ ತುಳಿದು ಮಂಡಿ ಹಿಡಿದರೂ ಮೋಟರ್ ಹಾಕಿಸಲಿಲ್ಲ. ಕಷ್ಟಕಾಲ ಬರಲಿ ಎಂದು ಕಾಯುತ್ತಿದ್ದೆ. ಬಂದದ್ದು ಯಾವುದೂ ನನಗೆ ಸಾಕಷ್ಟು ಕಷ್ಟವಾಗಿ ಕಾಣಲಿಲ್ಲ.

ನನ್ನ ಕಿವಿ ಮಂದವಾದದ್ದು ಐವತ್ತು ದಾಟಿದ ಮೇಲೆ. ಅವ್ವನದೇ ಕಿವಿ, ಅದೇ ಕ್ರಮದಲ್ಲಿ ಹೋಯಿತು. ಕುಕ್ಕರ್, ಬೆಲ್ಲು, ಜನ. ಆಗ ನಾನೂ ಹೂಂ ಅನ್ನುವುದನ್ನು ಕಲಿತೆ. ಎದುರಿನವರ ಮುಖ ನೋಡಿ, ಸರಿಯಾದ ಜಾಗದಲ್ಲಿ ನಕ್ಕು, ಹೂಂ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಟಿವಿಯ ಮುಂದೆ ಕೂತು ಅವ್ವ ನನಗೆ ಅಂದ ಹೂಂ ಎಂಥದ್ದು ಎಂದು ನನಗೆ ಅರ್ಥವಾದದ್ದು ಆಗಲೇ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿಸಲಿಲ್ಲ ಎಂದು ಹೇಳಲು ನಾಚಿಕೆಯಾದಾಗ ಹೊರಡುವ ಹೂಂ ಅದು.

ಹೆಗ್ಗರಣೆ ಕಡೆಯ ಒಬ್ಬ ಅಮ್ಮನವರು ಎಷ್ಟೋ ವರ್ಷದ ಗಿರಾಕಿ. ಮಗಳ ಮದುವೆಗೆಂದು ಐದು ರವಿಕೆ ಕೊಟ್ಟು, ಒಂದನ್ನು ಮೊದಲೇ ಬೇಕು, ನಾಂದಿಯ ದಿನಕ್ಕೆ ಎಂದು ಹೇಳಿ ಹೋಗಿದ್ದರಂತೆ. ನಾನು ಹೂಂ ಅಂದಿದ್ದೆನಂತೆ. ಅವರು ಬಂದ ದಿನ ಆ ರವಿಕೆ ಇನ್ನೂ ಕತ್ತರಿಯನ್ನೇ ಕಂಡಿರಲಿಲ್ಲ.

"ಎಂತ ಆಗಿದೆ ನಿಂಗೆ? ಎದುರು ನಿಂತು ಎರಡು ಸಲ ಹೇಳಿದ್ದೆ. ಕೇಳದಿದ್ರೆ ಕೇಳಲ್ಲ ಅಂತಾದ್ರೂ ಹೇಳು ಮಾರಾಯ್ತಿ!" ಎಂದರು. ಅಷ್ಟನ್ನು ಅವರು ಕೂಗಿಯೇ ಹೇಳಿದ್ದರಿಂದ ನನಗೆ ಚೆನ್ನಾಗಿ ಕೇಳಿತು. ಐದನ್ನೂ ಚೀಲಕ್ಕೆ ತುಂಬಿಕೊಂಡು ಹೋದರು, ಮತ್ತೆ ಬರಲಿಲ್ಲ.

ಗಂಡ ಮೊದಮೊದಲು ತಮಾಷೆ ಮಾಡುತ್ತಿದ್ದರು. "ದುಡ್ಡೂ ನಿಂದು, ಕಿವೀನೂ ನಿಂದು. ಗಂಟಲಾ ಮಾತ್ರ ನಂದು, ಅದು ಹರದ್ ಹೋಗಾಕತ್ತೈತಿ" ಎನ್ನುತ್ತಿದ್ದರು. ಬರಬರುತ್ತ ತಮಾಷೆಯೂ ನಿಂತಿತು, ಮಾತೂ ಕಡಿಮೆಯಾಯಿತು. ಅವರ ಬಾಯಿ ಆಡುತ್ತಿಲ್ಲವೋ, ಆಡಿದ್ದು ನನಗೆ ಕೇಳುತ್ತಿಲ್ಲವೋ ಎಂದು ಮುಖ ನೋಡಿ ತಿಳಿಯಬೇಕಾಗಿತ್ತು.

ಮಗಳು ಯಲ್ಲಾಪುರದಲ್ಲಿ ಶಾಲೆಯ ಟೀಚರ್ ಆಗಿದ್ದಾಳೆ. ಅವಳಿಗೊಂದು ಹೆಣ್ಣು ಮಗು, ಎರಡೂವರೆ ವರ್ಷದ್ದು. ಮಗು ಮಾತು ಕಲಿಯುತ್ತಿತ್ತು. ಮಗಳು ವಿಡಿಯೊ ಕಾಲ್ ಮಾಡಿ ಮಗುವನ್ನು ಮುಂದೆ ನಿಲ್ಲಿಸುತ್ತಿದ್ದಳು. ಸಣ್ಣ ಬಾಯಿ ತೆರೆಯುವುದು, ಮುಚ್ಚುವುದು ಕಾಣುತ್ತಿತ್ತು. ದೊಡ್ಡವರ ಮಾತನ್ನಾದರೂ ತುಟಿ ನೋಡಿ ಊಹಿಸಬಹುದು, ಮಗುವಿನದು ಆಗುವುದಿಲ್ಲ. ನಾನು ಹೂಂ ಅನ್ನುತ್ತಿದ್ದೆ. ತಿಂಗಳಲ್ಲಿ ಎರಡು ಸಲ ಅವರು ಇಸಳೂರಿಗೆ ಬಂದಾಗ ನನ್ನ ಜೊತೆ ಸಂತೆಗೂ ಅಂಗಡಿಗೂ ಬರುತ್ತಿದ್ದ ಮಗು, ಬರಬರುತ್ತ ಏನಾದರೂ ಹೇಳಬೇಕಾದರೆ ನನ್ನನ್ನು ದಾಟಿಕೊಂಡು ಅಜ್ಜನ ಹತ್ತಿರ ಓಡತೊಡಗಿತು. ನನಗೆ ಹೇಳಿ ಪ್ರಯೋಜನವಿಲ್ಲ ಎಂದು ಅಷ್ಟು ಚಿಕ್ಕ ಜೀವಕ್ಕೂ ತಿಳಿದಿತ್ತು.

ಹೋದ ಬೇಸಗೆ ರಜೆಯಲ್ಲಿ ಮಗಳು ನನ್ನನ್ನು ಏನೂ ಕೇಳದೆ ಹುಬ್ಬಳ್ಳಿಯ ಬಸ್ಸು ಹತ್ತಿಸಿದಳು. ಅಂಗಡಿಯ ಬೋರ್ಡು ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಪರ್ಸಿನಲ್ಲಿದ್ದ ಚೀಟಿಯ ಮೇಲಿನ ಹೆಸರೇ ಅದು. ಪರೀಕ್ಷೆಯೆಲ್ಲ ಮುಗಿಸಿ ಅಲ್ಲಿಯ ಹುಡುಗಿ ಕಿವಿಯ ಹಿಂದೆ ಮಷಿನ್ ಸಿಕ್ಕಿಸಿದಳು. ಮೊದಲು ಫ್ಯಾನು ಬಂತು. ಆಮೇಲೆ ಕಾಗದ ಮಗುಚುವ ಸಪ್ಪಳ. ಆಮೇಲೆ, "ಅವ್ವಾ, ಕೇಳಾಕತ್ತೈತೇನ?" ಎಂದು ಮಗಳು.

ಅವಳ ದನಿ ಸ್ವಲ್ಪ ಒಡೆದಿತ್ತು. ಪಾಠ ಹೇಳಿ ಹೇಳಿ ಇರಬಹುದು. ನನ್ನ ಮಗಳ ದನಿ ಬದಲಾಗಿ ಎಷ್ಟು ವರ್ಷವಾಗಿತ್ತೋ, ನಾನು ಹಳೆಯ ದನಿಯನ್ನೇ ನೆನಪಿನಲ್ಲಿಟ್ಟುಕೊಂಡು ಅವಳ ಮುಖಕ್ಕೆ ಜೋಡಿಸಿಕೊಳ್ಳುತ್ತಿದ್ದೆ. ಕಣ್ಣು ತುಂಬಿತು. ಆಗ ಆ ಹುಡುಗಿ ದರ ಹೇಳಿದಳು.

ಕೈ ತಾನಾಗಿ ಕಿವಿಗೆ ಹೋಯಿತು. "ಇರ್ಲಿ. ವಿಚಾರ ಮಾಡಿ ಬರ್ತೀವ್ರಿ" ಅಂದೆ.

"ಅಜ್ಜೀನೂ ಹಿಂಗ ಅಂದಿದ್ಲು," ಎಂದಳು ಮಗಳು. "ಇದ ಕುರ್ಚಿ ಮ್ಯಾಲ ಕುಂತು."

ನಾನು ಮಷಿನ್ ತೆಗೆಯಲಿಲ್ಲ. ಮಗಳು ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಿದ್ದಾಗ ಅವ್ವ ಒಮ್ಮೆ ಅವಳ ರೂಮಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಳು; ಚೀಟಿ ಸಿಕ್ಕಾಗ ಅದು ನನಗೆ ಹೊಳೆದೇ ಇರಲಿಲ್ಲ. ಆಗ ಅವ್ವ ತಾನೇ ಕೇಳಿಕೊಂಡದ್ದಕ್ಕೆ ಮಗಳು ಇಲ್ಲಿಗೆ ಕರೆದುಕೊಂಡು ಬಂದಿದ್ದಳಂತೆ.

"ಹಾಕಿದ ಕೂಡ್ಲೆ ನಕ್ಕಬಿಟ್ಲವ್ವಾ. ನನ್ನ ಬಳೆ ಸಪ್ಪಳ ಕೇಳ್ತು ಅಂದ್ಲು. ಆಮ್ಯಾಲ, ನಿಮ್ಮವ್ವನ ದನಿ ಕೇಳಿ ಭಾಳ ದಿನ ಆತು, ಕೂಗೂದಷ್ಟ ಕೇಳ್ತೈತಿ, ಸುಮ್ನ ಮಾತಾಡೂದು ಕೇಳೂದಿಲ್ಲ, ಅದನ್ನ ಕೇಳ್ಬೇಕು ಅಂದ್ಲು. ದರ ಹೇಳಿದ್ರು. ಇರ್ಲಿ ಅಂದು ತಗದಿಟ್ಲು. ನಿಮ್ಮವ್ವಗ ಹೇಳಬ್ಯಾಡ, ಆಕಿ ಸಾಲ ಮಾಡಿ ತರ್ತಾಳ, ನಾನ ಕೂಡಿಸಿ ತಗೋತೀನಿ ಅಂತ ಆಣಿ ಹಾಕ್ಸಿದ್ಲು ನನಗ."

ನನ್ನ ಮಗಳು ಇಷ್ಟು ವರ್ಷ ಆಣೆ ಮುರಿದಿರಲಿಲ್ಲ. ಅವಳೂ ನಮ್ಮ ಮನೆಯವಳೇ. ದುಡ್ಡಿನ ಮಾತನ್ನು ನುಂಗಿಕೊಳ್ಳುವುದು ಅವಳಿಗೂ ಬಂದಿತ್ತು. ನಾನು ಸಾಲ ಮಾಡಿಯಾದರೂ ತರುತ್ತೇನೆ ಎಂದು ಅವ್ವ ನಂಬಿದ್ದಳಲ್ಲ, ಅದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಪರ್ಸಿನಿಂದ ಹಳೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಆ ಹುಡುಗಿ ನೋಡಿ, "ಇದು ಹಳೇ ರೇಟ್ರಿ" ಎಂದಳು. ಹೌದಮ್ಮ ಎಂದೆ. ಬ್ಯಾಂಕಿನ ಕಾರ್ಡು ಕೊಟ್ಟೆ. ನಂಬರು ಒತ್ತುವಾಗ ಅವ್ವ ಅಂದಳು, ಇರ್ಲಿ ಬಿಡು, ಮುಂದ ಬೇಕಾಕೈತಿ. ಮಷಿನ್ ಹಾಕಿಕೊಂಡ ಕಿವಿಯಲ್ಲೂ ಅವಳ ದನಿ ಮೊದಲಿನಷ್ಟೇ ಸ್ಪಷ್ಟವಾಗಿತ್ತು. ಮಗಳು ನನ್ನ ಮುಖವನ್ನೇ ನೋಡಿದಳು. ನಾನು ಒತ್ತಿದೆ.

ನಾನೇನೂ ಆಮೇಲೆ ಕೈಬಿಚ್ಚಿ ಖರ್ಚು ಮಾಡುವವಳಾಗಲಿಲ್ಲ. ಹೊಲಿಗೆ ಮಷಿನ್ನಿಗೆ ಮೋಟರ್ ಹಾಕಿಸುವುದಕ್ಕೆ ಮತ್ತೆ ಮೂರು ತಿಂಗಳು ಹಿಡಿಯಿತು. ಹಲ್ಲಿನ ಡಾಕ್ಟರ ಬಾಗಿಲವರೆಗೆ ಹೋಗಿ ಒಮ್ಮೆ ವಾಪಸ್ ಬಂದಿದ್ದೇನೆ. ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ದುಡ್ಡಿನ ಮಾತು ಬಂದಾಗ ಗಂಡನ ಜೊತೆ ಅಂಗಳದಲ್ಲಿ ಕೂತು, ಮಾಮೂಲು ದನಿಯಲ್ಲೇ ಆಡುತ್ತೇನೆ. ಪಕ್ಕದ ಮನೆಯವರಿಗೆ ಕೇಳಿದರೆ ಕೇಳಲಿ. ಅವರು ಮೊದಲು ಕಿಟಕಿ ಮುಚ್ಚುತ್ತಿದ್ದರು, ಈಗ ಮುಚ್ಚುವುದಿಲ್ಲ.

ಅಂದು ಹುಬ್ಬಳ್ಳಿಯಿಂದ ನಾವು ನೇರ ಯಲ್ಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಗಾಜು ಗಡಗಡ ಅಂದು ತಲೆ ಚಿಟ್ಟು ಹಿಡಿದಿತ್ತು. ಇನ್ನೂ ಬಿಸಿಲಿತ್ತು. ಮಗು ಬಾಗಿಲಲ್ಲೇ ಕಾಯುತ್ತಿತ್ತು. ಕೈಗೊಂದು ಚಾಕ್ಲೇಟು ಕೊಟ್ಟೆ. ಕಾಗದ ಬಿಚ್ಚಿಸಿಕೊಂಡು, ತುದಿ ಕಚ್ಚಿ, ಉಳಿದದ್ದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನ ತೊಡೆಯ ಮೇಲೆ ಕೂತಿತು. ನಾನು ಅದರ ಒಂದೊಂದು ಉಸಿರನ್ನೂ ಕೇಳುತ್ತ ಕೂತೆ. ಅಷ್ಟು ಹೊತ್ತಾದರೂ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಚಾಕ್ಲೇಟು ಕರಗಿ ಮೊಣಕೈಗೆ ಇಳಿಯುತ್ತಿತ್ತು.

"ತಿನ್ನವ್ವಾ, ಯಾಕ ಹಿಡ್ಕೊಂಡಿ?" ಎಂದೆ.

ಮಗು ಮುಷ್ಟಿಯನ್ನು ಎದೆಗೊತ್ತಿಕೊಂಡು, "ಬ್ಯಾಡ. ಇಲ್ಲಿ ಬಿಡು. ಮುಂದ ಬೇಕಾಕೈತಿ" ಅಂದಿತು.

ರ ಕಾರ ಇನ್ನೂ ಬರುತ್ತಿರಲಿಲ್ಲ ಅದಕ್ಕೆ. ಉಳಿದದ್ದೆಲ್ಲ ಅವ್ವನೇ. ಅದೇ ಎಳೆತ, ಕೊನೆಯಲ್ಲಿ ಅದೇ ಇಳಿತ. ಅವ್ವ ಹೋದಾಗ ಈ ಮಗು ಹುಟ್ಟಿರಲೇ ಇಲ್ಲ.

"ಇದನ್ನ ಎಲ್ಲಿ ಕಲತ್ಲು ಇಕಿ?" ಎಂದು ಮಗಳನ್ನು ಕೇಳಿದೆ.

ಮಗಳು ಚಹಾದ ಲೋಟ ಹಿಡಿದು ಬರುತ್ತಿದ್ದಳು. "ನಿನ್ನ ಹತ್ರ, ಮತ್ತೆಲ್ಲಿ? ಸಂತ್ಯಾಗ ಅಂತಿ, ಅಂಗಡ್ಯಾಗ ಅಂತಿ. ಇವತ್ತ ಕಾರ್ಡ್ ಒತ್ತೂವಾಗೂ ಅಂದಿ. ಜೋರಾಗೇ ಅಂತಿ ಅವ್ವಾ. ನಿನಗ ಕೇಳೂದಿಲ್ಲ ಅಷ್ಟ."

ಇಷ್ಟು ವರ್ಷ ನಾನು ತಿರುಗಿ ತಿರುಗಿ ಹುಡುಕಿದ ದನಿ ನನ್ನ ಬಾಯಿಂದಲೇ ಬರುತ್ತಿತ್ತು. ಹೆದರಿದ್ದೂ ಅದಕ್ಕೇ. ಅವಳು ಕೊಟ್ಟ ಲೋಟ ಕೆಳಗಿಟ್ಟು ಮಗುವಿನ ಕೈ ಹಿಡಿದೆ. ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ಅರ್ಧದಷ್ಟೂ ಉಳಿದಿರಲಿಲ್ಲ.

"ನಾಳೆ ಮತ್ತ ತರೂಣಂತ. ಈಗ ತಿನ್ನು," ಅಂದೆ.

ಹೇಳುವಾಗ ನನ್ನ ದನಿ ನನಗೇ ಕೇಳಿಸಿತು. ಅದು ಅವ್ವನ ದನಿಯೇ. ಮಗು ನನ್ನ ಮುಖವನ್ನೊಮ್ಮೆ ಚೆನ್ನಾಗಿ ನೋಡಿ, ಅಂಗೈ ನೆಕ್ಕತೊಡಗಿತು.